ದಿನ ಗೊತ್ತು ಮಾಡಿ ಸಿಸೇರಿಯನ್ ಬೇಕು ಅನ್ನಿಸ್ತಿದೆ. ನಿಮಗೆ ಏನು ಬೇಕಿತ್ತು, ಆಗಿದ್ದೇನು?

ಚೊಚ್ಚಲು
ಎಲ್ಲರಿಗೂ ನಮಸ್ಕಾರ. ಮೊದಲ ಬಸಿರು, ಈಗ 32 ವಾರ. ಸುತ್ತಿಬಳಸದೆ ಹೇಳಿಬಿಡ್ತೀನಿ, ನನಗೆ ನಾರ್ಮಲ್ ಡೆಲಿವರಿ ಬೇಡ. ದಿನ ಗೊತ್ತು ಮಾಡ್ಕೊಂಡು ಹೋಗಿ ಸಿಸೇರಿಯನ್ ಮಾಡಿಸ್ಕೋಬೇಕು ಅಂತಿದೆ. ಬಿಪಿ, ಶುಗರ್ ಏನಿಲ್ಲ. ಮಗುವಿನ ತಲೆ ಕೆಳಗೇ ಇದೆ, ತೂಕವೂ ಸರಿ ಇದೆ. "ಎಲ್ಲ ಚೆನ್ನಾಗಿರುವಾಗ ಆಪರೇಷನ್ ಯಾಕಮ್ಮ?" ಅಂತ ಡಾಕ್ಟರು ನಕ್ಕು ಮುಂದಿನ ಪೇಷಂಟನ್ನ ಕರೆದ್ರು. ಅಮ್ಮನ ಹತ್ರ ಹೇಳಿದ್ರೆ "ನಾವೆಲ್ಲ ಹೆತ್ತಿಲ್ವಾ?" ಆಫೀಸಲ್ಲಿ ಹೇಳಿದ್ರೆ ಪ್ರತಿಯೊಬ್ಬರ ಹತ್ರವೂ ಒಂದೊಂದು ಭಯಾನಕ ಕಥೆ, ಎರಡೂ ಕಡೆಯದ್ದು.

ಯಾವುದು ಒಳ್ಳೇದು ಅಂತ ನಾನು ಕೇಳ್ತಿಲ್ಲ. ನಿಮಗೆ ಏನು ಬೇಕಿತ್ತು, ಯಾಕೆ ಬೇಕಿತ್ತು, ಕೊನೆಗೆ ಆಗಿದ್ದೇನು, ಈಗ ಕೇಳಿದ್ರೆ ಅದನ್ನೇ ಆರಿಸ್ತೀರಾ? ಇಷ್ಟು ಹೇಳಿ. ಉಪದೇಶ ಬೇಡ, ದಯವಿಟ್ಟು.

ಎರಡನೇ ಸುತ್ತು
ನನಗೆ ನಾರ್ಮಲ್ಲೇ ಬೇಕಿತ್ತು. ದೊಡ್ಡ ಕಾರಣವೇನಿಲ್ಲ, ಬೆನ್ನಿಗೆ ಸೂಜಿ ಅಂದ್ರೆ ಭಯ, ಜೊತೆಗೆ ಬೇಗ ಎದ್ದು ಓಡಾಡಬಹುದು ಅನ್ನೋ ಆಸೆ. ಬೇಕಾದ್ದೇ ಆಯ್ತು. ಮಾರನೇ ಬೆಳಿಗ್ಗೆ ನಾನೇ ಎದ್ದು ಸ್ನಾನ ಮಾಡಿ ಬಂದೆ. ಆದ್ರೂ ಆ ಹೆರಿಗೆ ನೆನಪಾದ್ರೆ ಈಗಲೂ ಹಲ್ಲು ಕಚ್ಚೋ ಹಾಗಾಗುತ್ತೆ. ನೋವಿಗಲ್ಲ. ಕೆಳಗೆ ಕೊಯ್ದಿದ್ದಾರೆ ಅಂತ ನನಗೆ ಗೊತ್ತಾಗಿದ್ದೇ ಹೊಲಿಗೆ ಹಾಕುವಾಗ. ಕಾಲೆರಡೂ ಮೇಲೆ ಕಟ್ಟಿದ್ರು. ಹೊಲೀತಿದ್ದವರು ಪಕ್ಕದವರ ಹತ್ರ ರಜೆ ಯಾವಾಗ ಹಾಕ್ತೀರಿ ಅಂತ ವಿಚಾರಿಸ್ತಿದ್ರು. "ಏನು ಮಾಡ್ತಿದ್ದೀರಿ?" ಅಂತ ಕೇಳಿದ್ದಕ್ಕೆ "ಅಲ್ಲಾಡಬೇಡಿ" ಅಂದ್ರು. ಅಷ್ಟೇ ಉತ್ತರ.

ಎರಡನೇದು ಬೇರೆ ಕಡೆ. ಅಲ್ಲಿದ್ದ ಸಿಸ್ಟರ್ ಪ್ರತಿ ಸಲ ಒಳಗೆ ಪರೀಕ್ಷೆ ಮಾಡೋ ಮುಂಚೆ "ಈಗ ನೋಡ್ಲಾ? ನೋವು ಇಳಿಲಿ ಅಂದ್ರೆ ಕಾಯ್ತೀನಿ" ಅಂತಿದ್ರು. ಮೊಣಕಾಲೂರಿ, ಮಂಚದ ತಲೆಕಡೆ ಹಿಡ್ಕೊಂಡು ಹೆತ್ತೆ. ನೋವು ಮೊದಲನೇದರಷ್ಟೇ ಇತ್ತು, ಸುಳ್ಳು ಯಾಕೆ. ಕಾಗದದ ಮೇಲೆ ಎರಡೂ ನಾರ್ಮಲ್ಲೇ. ನನ್ನ ಪಾಲಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಈಗ ಕೇಳಿದ್ರೆ ಎರಡನೇದನ್ನ ಇನ್ನೊಂದು ಸಲ ಬೇಕಾದ್ರೂ ಮಾಡ್ತೀನಿ, ಮೊದಲನೇದಕ್ಕಿಂತ ಸಿಸೇರಿಯನ್ನೇ ವಾಸಿ.

ನೇರಮಾತು
ಇಷ್ಟು ಹೆದರೋರು ಬಸಿರಾಗಬಾರದಿತ್ತು. ಪ್ರಕೃತಿ ಕೊಟ್ಟ ದಾರಿ ಬಿಟ್ಟು ಹೊಟ್ಟೆ ಕೊಯ್ಸ್ಕೊಳ್ಳೋದು ಈಗ ಫ್ಯಾಷನ್ ಆಗಿದೆ.

ನಿದ್ದೆಗೆಟ್ಟವಳು
ಉಪದೇಶ ಬೇಡ ಅಂತ ಮೊದಲನೇ ಪೋಸ್ಟಲ್ಲೇ ಬರೆದಿದ್ದಾರಲ್ಲ ಸಾರ್. ಸಾರ್ ಅಂತ ಊಹಿಸ್ಕೊಂಡಿದ್ದೀನಿ, ತಪ್ಪಿರಲಿಕ್ಕಿಲ್ಲ.

ಎರಡನೇ ಸುತ್ತು
😂

ರಾತ್ರಿಪಾಳಿ
ನಾನು ಲೇಬರ್ ವಾರ್ಡಿನಲ್ಲಿ ನರ್ಸ್, ಹೆರಿಗೆ ಮಾಡಿಸೋದೇ ಕೆಲಸ. "ಎರಡನೇ ಸುತ್ತು" ಅವರು ಹೇಳಿದ್ದು ಓದಿ ಬೇಜಾರಾಯ್ತು, ಆದ್ರೆ ಆಶ್ಚರ್ಯ ಆಗ್ಲಿಲ್ಲ. ಮಗು ಬರೋ ದಾರಿ ಅಗಲ ಆಗ್ಲಿ ಅಂತ ಎಲ್ಲರಿಗೂ ಕೆಳಗೆ ಕೊಯ್ಯೋದು ಒಂದು ಕಾಲದ ರೂಢಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಹೆರಿಗೆ ಮಾರ್ಗಸೂಚಿಯಲ್ಲಿ ಅದನ್ನ ರೂಢಿಯಾಗಿ ಮಾಡಬೇಡಿ ಅಂತ ಸ್ಪಷ್ಟವಾಗಿದೆ. ಮಗುವಿನ ಎದೆಬಡಿತ ಕುಸೀತಿದೆ, ಫೋರ್ಸೆಪ್ಸ್ (ತಲೆ ಹಿಡಿದು ಎಳೆಯೋ ಇಕ್ಕಳ) ಹಾಕಬೇಕು, ಅಂಥ ಹೊತ್ತಲ್ಲಿ ಬೇಕಾಗುತ್ತೆ. ಆಗಲೂ ಒಂದು ಮಾತು ಹೇಳಿ, ಒಪ್ಪಿಗೆ ತಗೊಂಡು, ಮರಗಟ್ಟೋ ಇಂಜೆಕ್ಷನ್ ಕೊಟ್ಟು ಮಾಡಬೇಕು. ಹೇಳೋಕೆ ಐದು ಸೆಕೆಂಡ್ ಸಾಕು. ಟೈಮ್ ಇರಲಿಲ್ಲ ಅನ್ನೋದನ್ನ ನಾನು ನಂಬಲ್ಲ.

ಇನ್ನೊಂದು ವಿಷಯ. ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಅನ್ನೋ ಲೆಕ್ಕ ಇತ್ತು. 1955ರಲ್ಲಿ ಫ್ರೀಡ್‌ಮನ್ ಅನ್ನೋ ಡಾಕ್ಟರು ಬರೆದ ಗ್ರಾಫಿನಿಂದ ಬೆಳೆದ ಪದ್ಧತಿ ಅದು. ನಿಧಾನ ಆದ್ರೆ ನೋವು ಜೋರು ಮಾಡೋ ಡ್ರಿಪ್, ಅದಕ್ಕೂ ಜಗ್ಗದಿದ್ರೆ ಆಪರೇಷನ್. ಅದೇ 2018ರ ಮಾರ್ಗಸೂಚಿ ಪ್ರಕಾರ ಕೆಲವರಿಗೆ ಆ ವೇಗ ಸಾಧ್ಯವೇ ಇಲ್ಲ, ಜೋರು ಹಂತ ಶುರುವಾಗೋದೇ 5 ಸೆಂಟಿಮೀಟರಿನಿಂದ, ಚೊಚ್ಚಲು ಹೆರಿಗೆಯಲ್ಲಿ ಅಲ್ಲಿಂದ 12 ಗಂಟೆವರೆಗೂ ಹಿಡೀಬಹುದು. ಇದು ಗೊತ್ತಿಲ್ಲದೆ ಎಷ್ಟೋ ಹೆಣ್ಮಕ್ಕಳು "ನನ್ನ ಮೈಯೇ ಸರಿ ಇಲ್ಲ" ಅಂದ್ಕೊಂಡು ಆಪರೇಷನ್ ರೂಮಿಗೆ ಹೋಗಿದ್ದಾರೆ.

ಚೊಚ್ಚಲು ಅವರೇ, ಒಂದು ಕೇಳ್ತೀನಿ, ಇಷ್ಟ ಇದ್ರೆ ಉತ್ತರಿಸಿ. ನಿಮಗೆ ಭಯ ನೋವಿನದ್ದಾ, ಬೇರೇನಾದ್ರೂ ಇದೆಯಾ? ಎರಡಕ್ಕೂ ಔಷಧ ಬೇರೆ ಬೇರೆ.

ಗಟ್ಟಿಗಿತ್ತಿ
ನಂದು ಹೇಳ್ತೀನಿ ಕೇಳ್ರಿ. ಮೊದಲನೇದು ಸಿಸೇರಿಯನ್ ಆಗಿತ್ತು, ಮಗು ಉಲ್ಟಾ ಇತ್ತಂತ. ಎರಡನೇದಕ್ಕ ನನಗ ನಾರ್ಮಲ್ ಬೇಕಾಗಿತ್ತು. ಯಾಕಂದ್ರ ಮನ್ಯಾಗ ಮೂರು ವರ್ಷದ್ದು ಒಂದು ಓಡ್ಯಾಡ್ತಿತ್ತು, ಅದನ್ನ ಎತ್ತಬ್ಯಾಡ ಅಂದ್ರ ಕೇಳ್ತದೇನು? ಮೊದಲನೇ ಡಾಕ್ಟರು "ಒಮ್ಮೆ ಸಿಸೇರಿಯನ್ ಆದ್ರ ಮುಗೀತು, ಮತ್ತ ಅದೇ" ಅಂದ್ರು. ಎರಡನೇ ಡಾಕ್ಟರು ಹಾಳಿ ಮ್ಯಾಲ ಚಿತ್ರಾ ಬರದು ತೋರಿಸಿದ್ರು: ಹಿಂದಿನ ಗಾಯ ಅಡ್ಡಕ್ಕೈತಿ, ಕೆಳಗೈತಿ, ಹಿಂಗಿದ್ದವರು ಪ್ರಯತ್ನ ಮಾಡಿದ್ರ ನಾಲ್ಕರಾಗ ಮೂರು ಮಂದಿಗೆ ನಾರ್ಮಲ್ ಆಗ್ತದ. ಗಾಯ ಬಿಡೂದು 200ಕ್ಕ ಒಬ್ಬರಿಗೆ. ಆದ್ರ ಬಿಟ್ರ ತಾಯಿಗೂ ಕೂಸಿಗೂ ಭಾಳ ಅಪಾಯ, ಅದಕ್ಕ ಆಪರೇಷನ್ ಥಿಯೇಟರ್ ಕಾಲಬುಡಕ್ಕಿರೋ ಆಸ್ಪತ್ರ್ಯಾಗೇ ಆಗಬೇಕು ಅಂದ್ರು. ಎರಡೂ ಮಾತು ಹೇಳಿದ್ರಲ್ಲ, ಅದಕ್ಕ ಅವರನ್ನ ನಂಬಿದೆ.

ಆಗಿದ್ದೇನಂದ್ರ, ಹಗಲೂರಾತ್ರಿ ನೋವು ತಿಂದು ಕಡೀಕ ಮತ್ತ ಸಿಸೇರಿಯನ್ನ ಆತು. ಸಿಟ್ಟು ಬಂತೇನಂದ್ರ, ಇಲ್ಲ ನೋಡ್ರಿ. "ಕೂಸಿನ ಬಡಿತ ಇಳ್ಯಾಕತ್ತೈತಿ, ಇನ್ನ ಕಾಯೂದು ನನಗ ಸರಿ ಅನಸವಲ್ದು, ನೀವೇನಂತೀರಿ?" ಅಂತ ಕೇಳಿದ್ರು. "ನಡೀರಿ" ಅಂದೆ ನಾನು.

ಅರಿವಳಿಕೆ
ನಾನು ಅನಸ್ತೇಷಿಯಾ ಡಾಕ್ಟರ್. ನೋವಿನ ವಿಷಯ ಬಂದಿದ್ದರಿಂದ ಎರಡು ಮಾತು. ಹೆರಿಗೆಯಲ್ಲಿ ನೋವು ಕಳೆಯೋದು ಪಾಪ ಅನ್ನೋ ಜಗಳ ಇವತ್ತಿನದಲ್ಲ. ವಿಕ್ಟೋರಿಯಾ ರಾಣಿ 1853ರಲ್ಲಿ ತನ್ನ ಎಂಟನೇ ಮಗುವಿಗೆ ಡಾಕ್ಟರ್ ಜಾನ್ ಸ್ನೋ ಕೈಯಲ್ಲಿ ಕ್ಲೋರೋಫಾರ್ಮ್ ತಗೊಂಡಾಗಲೂ ಕೂಗಾಡಿದವರಿದ್ದರು. ಏಳು ಹೆತ್ತವಳಿಗೆ ಉಪದೇಶ ಮಾಡೋ ಧೈರ್ಯ ಅವರಿಗೆ ಎಲ್ಲಿಂದ ಬಂತೋ.

ಈಗಿನ ಎಪಿಡ್ಯೂರಲ್ (ಬೆನ್ನಿಗೆ ಹಾಕಿದ ಸಣ್ಣ ಟ್ಯೂಬಿನಿಂದ ಕೊಡೋ ನೋವಿನ ಔಷಧ) ಬಗ್ಗೆ ಹರಡಿರೋ ಎರಡು ಮಾತು: ಅದನ್ನ ತಗೊಂಡ್ರೆ ಸಿಸೇರಿಯನ್ ಆಗುತ್ತೆ, ಮತ್ತು ಜೀವಮಾನವಿಡೀ ಬೆನ್ನುನೋವು ಬರುತ್ತೆ. ಎರಡೂ ನಿಜವಲ್ಲ. ವೈದ್ಯಕೀಯ ಸಂಶೋಧನೆಗಳನ್ನ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆಯಲ್ಲಿ ಎಷ್ಟೋ ಪ್ರಯೋಗಗಳನ್ನ ಒಟ್ಟು ಹಾಕಿ ನೋಡಿದಾಗ ಸಿಸೇರಿಯನ್ ಹೆಚ್ಚಾಗಿರಲಿಲ್ಲ, ದೀರ್ಘಕಾಲದ ಬೆನ್ನುನೋವೂ ಹೆಚ್ಚಾಗಿರಲಿಲ್ಲ. ಹಾಗಂತ ಏನೂ ತೊಂದರೆ ಇಲ್ಲ ಅಂತಲ್ಲ. ಬಿಪಿ ಇಳೀಬಹುದು, ಜ್ವರ ಬರಬಹುದು, ಕಾಲು ಭಾರ ಆಗುತ್ತೆ, ಮೂತ್ರಕ್ಕೆ ಟ್ಯೂಬ್ ಬೇಕಾಗಬಹುದು. ಅಪರೂಪಕ್ಕೆ ಸೂಜಿ ಒಂದು ಪದರ ಒಳಗೆ ಹೋದ್ರೆ, ಎದ್ದು ಕೂತ ತಕ್ಷಣ ತಲೆ ಸಿಡಿಯೋ ಅಂಥ ನೋವು ಕೆಲವು ದಿನ ಕಾಡುತ್ತೆ. ಅದಕ್ಕೂ ಚಿಕಿತ್ಸೆ ಇದೆ. ಬೇಡ ಅನ್ನೋರಿಗೆ ಕೊಡೋದು ಎಷ್ಟು ತಪ್ಪೋ, ಬೇಕು ಬೇಕು ಅಂತ ಅಳ್ತಿರೋರಿಗೆ "ಇನ್ನು ಸ್ವಲ್ಪ ತಡ್ಕೋ" ಅನ್ನೋದೂ ಅಷ್ಟೇ ತಪ್ಪು ಅಂತ ನನ್ನ ಅಭಿಪ್ರಾಯ.

ಹೊಸ ಅಪ್ಪ
ನಾನು ಹೆರಿಗೆ ಕೋಣೆಯ ಬಾಗಿಲ ಹೊರಗೆ ನಿಂತಿದ್ದವನು. ಒಳಗೆ ಬಿಡ್ತೀರಾ ಅಂತ ಕೇಳಿದ್ದಕ್ಕೆ ರೂಲ್ಸ್ ಇಲ್ಲ ಅಂದ್ರು. ನನ್ನ ಹೆಂಡ್ತಿ ಆಮೇಲೆ ಹೇಳಿದ್ದು: ನೋವಲ್ಲ, ಒಬ್ಬಳೇ ಇದ್ದಿದ್ದೇ ಸಾಕುಸಾಕಾಯ್ತು ಅಂತ. ಎರಡನೇದು ಸಿಸೇರಿಯನ್ನೇ ಮಾಡಿಸ್ತೀನಿ ಅಂತಿದ್ದಾಳೆ. ನಾನು ವಾದ ಮಾಡ್ತಿಲ್ಲ.

ರಾತ್ರಿಪಾಳಿ
ಹೊಸ ಅಪ್ಪ ಅವರೇ, ಜೊತೆಗೊಬ್ಬರು ಇರೋದು ಲಕ್ಸುರಿ ಅಲ್ಲ. ಹೆರಿಗೆಯುದ್ದಕ್ಕೂ ಪಕ್ಕದಲ್ಲಿ ಒಬ್ಬರು ಇದ್ದವರಿಗೆ ತಾನಾಗಿ ಹೆರಿಗೆ ಆಗೋ ಸಾಧ್ಯತೆ ಹೆಚ್ಚು, ಸಿಸೇರಿಯನ್ ಕಮ್ಮಿ, "ಕೆಟ್ಟ ಅನುಭವ" ಅನ್ನೋ ಮಾತೂ ಕಮ್ಮಿ. ಇದು 2017ರ ಕಾಕ್ರೇನ್ ಪರಿಶೀಲನೆಯ ತೀರ್ಮಾನ. ಗಂಡನೇ ಆಗ್ಬೇಕು ಅಂತಿಲ್ಲ. ಅಕ್ಕ, ಗೆಳತಿ, ತರಬೇತಿ ಆದ ಡೌಲಾ (ಹೆರಿಗೆಯಲ್ಲಿ ಜೊತೆಗಿದ್ದು ಆಸರೆ ಕೊಡೋವಳು), ಅವಳಿಗೆ ಯಾರು ಬೇಕೋ ಅವರು. ಕೆಲವರಿಗೆ ಗಂಡ ಎದುರಿಗಿರೋದೇ ಬೇಡ ಇರುತ್ತೆ, ಅದನ್ನೂ ಕೇಳ್ಬೇಕು.

ಚೊಚ್ಚಲು
ಎಲ್ಲರಿಗೂ ಥ್ಯಾಂಕ್ಸ್. ರಾತ್ರಿಪಾಳಿ ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಬರೆದು ಅಳಿಸಿ ಬರೆದು ಅಳಿಸಿ ಈಗ ಹಾಕ್ತಿದ್ದೀನಿ.

ನೋವಲ್ಲ. ನೋವಿಗೆ ಎಪಿಡ್ಯೂರಲ್ ಇದೆ ಅಂತ ಗೊತ್ತು. ಮದುವೆಗೆ ಮುಂಚೆ ಒಂದು ಸಲ ಹೊಟ್ಟೆನೋವಿಗೆ ತೋರಿಸೋಕೆ ಹೋದಾಗ ಒಳಗಿನ ಪರೀಕ್ಷೆ ಮಾಡಿದ್ರು. ಏನು ಮಾಡ್ತೀವಿ ಅಂತ ಹೇಳ್ಲಿಲ್ಲ. ನಿಲ್ಲಿಸಿ ಅಂದೆ, ನಿಲ್ಲಿಸ್ಲಿಲ್ಲ. ಪರದೆಯ ಆಚೆ ಯಾರೋ ಫೋನಲ್ಲಿ ಮಾತಾಡ್ತಿದ್ರು, ಆ ದನಿ ಈಗಲೂ ಗುರುತು ಹಿಡೀತೀನಿ. ಇಡೀ ದಿನ, ಗುರುತಿಲ್ಲದವರು ಪಾಳಿ ಮೇಲೆ ಪಾಳಿ ಬಂದು ಕೈ ಹಾಕ್ತಾರೆ ಅನ್ನೋದು ನೆನೆದ್ರೆ ನನಗೆ ಉಸಿರೇ ಸಿಕ್ಕಾಕ್ಕೊಳ್ಳುತ್ತೆ. ಆಪರೇಷನ್ ಆದ್ರೆ ಸೊಂಟದ ಕೆಳಗೆ ಏನೂ ಗೊತ್ತಾಗಲ್ಲ, ಮುಕ್ಕಾಲು ಗಂಟೇಲಿ ಮುಗಿಯುತ್ತೆ. ಇಷ್ಟೇ ನನ್ನ ಕಾರಣ. ಇದನ್ನ ಡಾಕ್ಟರ ಹತ್ರ ಹೇಗೆ ಹೇಳ್ಲಿ?

ಎರಡನೇ ಸುತ್ತು
ಇಲ್ಲಿ ಬರೆದ ಹಾಗೇ ಹೇಳಿ. ಬಾಯಿ ಬರದಿದ್ರೆ ಇದನ್ನೇ ಚೀಟಿ ಮೇಲೆ ಬರೆದು ಕೊಡಿ.

ಲೆಕ್ಕದವಳು
ಚೊಚ್ಚಲು, ನಿಮ್ಮ ಕಾರಣ ಪೂರ್ತಿ ಕಾರಣವೇ. ಹೆರಿಗೆಯ ವಿಪರೀತ ಭಯಕ್ಕೆ ವೈದ್ಯಕೀಯದಲ್ಲಿ ಟೋಕೋಫೋಬಿಯಾ ಅಂತ ಹೆಸರೇ ಇದೆ. ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಬರೆಯಿತು: ಭಯದಿಂದ ಸಿಸೇರಿಯನ್ ಕೇಳೋ ಹೆಣ್ಣಿಗೆ ಮೊದಲು ಆಪ್ತಸಮಾಲೋಚನೆಯ ನೆರವು ಕೊಡಿ, ಲಾಭ ನಷ್ಟ ಎರಡನ್ನೂ ಚರ್ಚಿಸಿ, ಅಷ್ಟಾದ ಮೇಲೂ ಆಕೆಗೆ ಅದೇ ಬೇಕಿದ್ದರೆ ಮಾಡಿಕೊಡಿ, ತನಗೆ ಮನಸ್ಸಿಲ್ಲದ ಡಾಕ್ಟರು ಮಾಡೋ ಡಾಕ್ಟರ ಹತ್ರ ಕಳಿಸಲಿ. ನಕ್ಕು ಮುಂದಿನ ಪೇಷಂಟನ್ನ ಕರೀಲಿ ಅಂತ ಅದರಲ್ಲಿಲ್ಲ.

ಇನ್ನು ಲೆಕ್ಕ. "ಈಗಿನ ಹೆಣ್ಮಕ್ಕಳಿಗೆಲ್ಲ ಸಿಸೇರಿಯನ್ನೇ ಬೇಕು" ಅಂತ ಸಿಕ್ಕಸಿಕ್ಕಲ್ಲಿ ಹೇಳ್ತಾರಲ್ಲ, 2011ರಲ್ಲಿ ಬೇರೆ ಬೇರೆ ದೇಶಗಳ 38 ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ಸಿಸೇರಿಯನ್ ಬೇಕು ಅಂದವರು 100ಕ್ಕೆ ಸುಮಾರು 16. ಅದರಲ್ಲೂ ಹಿಂದೆ ಒಮ್ಮೆ ಸಿಸೇರಿಯನ್ ಆದವರಲ್ಲಿ 29, ಆಗದವರಲ್ಲಿ 10. ಜಗತ್ತಿನಲ್ಲಿ ಐದು ಹೆರಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಸಿಸೇರಿಯನ್ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಈ ಏರಿಕೆಯನ್ನೆಲ್ಲ ಹೆಣ್ಣಿನ ಇಷ್ಟದ ಲೆಕ್ಕಕ್ಕೆ ಬರೆಯೋದು ಅನ್ಯಾಯ. ಡಾಕ್ಟರ ಸಮಯ, ಕೋರ್ಟಿನ ಭಯ, ದುಡ್ಡು, ಹಿಂದಿನ ಸಿಸೇರಿಯನ್ ಎಲ್ಲ ಅದರಲ್ಲಿವೆ.

ಅದೇ ಸಂಸ್ಥೆ 2015ರಲ್ಲಿ ಇನ್ನೊಂದು ಮಾತು ಹೇಳಿತ್ತು. ಒಂದು ಜನಸಮೂಹದಲ್ಲಿ ಸಿಸೇರಿಯನ್ ಪ್ರಮಾಣ ಶೇ 10 ದಾಟಿದ ಮೇಲೆ ಅದರಿಂದ ತಾಯಿ ಮಗುವಿನ ಸಾವು ಇನ್ನಷ್ಟು ಇಳಿದದ್ದು ಕಂಡಿಲ್ಲ ಅಂತ. ಇದನ್ನ ಹಿಡ್ಕೊಂಡು ಎದುರಿಗೆ ಕೂತ ಒಬ್ಬ ಹೆಂಗಸಿಗೆ ಬೇಡ ಅನ್ನೋರಿದ್ದಾರೆ. ಅದು ಜನಸಮೂಹದ ಲೆಕ್ಕ, ಅವಳ ಲೆಕ್ಕ ಅಲ್ಲ. ಅದೇ ಹೇಳಿಕೆಯ ಕೊನೆಗೆ, ಇಂತಿಷ್ಟು ಶೇಕಡಾ ಅಂತ ಗುರಿ ಇಟ್ಕೊಳ್ಳೋದರ ಬದಲು ಅಗತ್ಯ ಇದ್ದವರಿಗೆಲ್ಲ ಸಿಗೋ ಹಾಗೆ ಮಾಡಿ ಅಂತಲೂ ಇದೆ.

ಆದ್ರೆ ನಷ್ಟದ ಕಡೆ ನಿಮಗೆ ಗೊತ್ತಿರಬೇಕು. ನಿಮಗೆ ಎಷ್ಟು ಮಕ್ಕಳು ಬೇಕು ಅನ್ನೋದು ಇಲ್ಲಿ ದೊಡ್ಡ ಪ್ರಶ್ನೆ. ಒಂದೇ ಸಾಕು ಅಂದ್ರೆ ಲೆಕ್ಕ ಒಂದು ಥರ, ಮೂರು ಬೇಕು ಅಂದ್ರೆ ಬೇರೆ ಥರ. ಪ್ರತಿ ಸಿಸೇರಿಯನ್ ಆದ ಮೇಲೂ ಮುಂದಿನ ಬಸಿರಲ್ಲಿ ಮಾಸು ಹಳೇ ಗಾಯದ ಮೇಲೆ ಕೂತು ಗರ್ಭಕೋಶಕ್ಕೇ ಬೇರು ಬಿಡೋ ಅಪಾಯ ಏರ್ತಾ ಹೋಗುತ್ತೆ. ಮಾಸು ಕೆಳಗೆ, ಗರ್ಭಕೋಶದ ಬಾಯಿಗೆ ಅಡ್ಡ ಕೂತವರಲ್ಲಿ, 2006ರ ಅಮೆರಿಕದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಮೊದಲ ಸಿಸೇರಿಯನ್ ಹೊತ್ತಿಗೆ ಅದು 100ಕ್ಕೆ 3, ಎರಡನೇದಕ್ಕೆ 11, ಮೂರನೇದಕ್ಕೆ 40. ಆಗ ಗರ್ಭಕೋಶವನ್ನೇ ತೆಗೀಬೇಕಾಗಿ ಬರಬಹುದು.

ನಿದ್ದೆಗೆಟ್ಟವಳು
ಲೆಕ್ಕದವಳೇ, ನಾರ್ಮಲ್ಲಿನ ನಷ್ಟವನ್ನೂ ಬರೀರಿ. ಅದನ್ನ ಯಾರೂ ಹೇಳಲ್ಲ. ಕೆಮ್ಮಿದ್ರೆ, ನಕ್ಕರೆ, ಮಗುವಿನ ಹಿಂದೆ ಓಡಿದ್ರೆ ಮೂತ್ರ ಸೋರೋದು. ನನಗೆ ಹರಿದದ್ದು ಹಿಂದಿನವರೆಗೂ ಹೋಗಿತ್ತು. ಗ್ಯಾಸ್ ತಡೆಯೋಕೆ ಆಗ್ತಿರಲಿಲ್ಲ, ಮೀಟಿಂಗ್ ಅಂದ್ರೆ ಬೆವರು. ಇದನ್ನ ಯಾರ ಹತ್ರ ಹೇಳ್ಲಿ? ಡಾಕ್ಟರ ಹತ್ರ ಬಾಯಿಬಿಟ್ಟಿದ್ದು ತುಂಬಾ ತಡವಾಗಿ, ಆಮೇಲೆ ಫಿಸಿಯೋಥೆರಪಿಯಿಂದ ಬಹಳ ಮಟ್ಟಿಗೆ ಸರಿಹೋಯ್ತು. "ನಾರ್ಮಲ್ ಆಯ್ತಲ್ಲ, ಪುಣ್ಯವಂತೆ" ಅಂತ ಬಂದವರೆಲ್ಲ ಹೇಳಿ ಹೋಗ್ತಿದ್ರು.

ಲೆಕ್ಕದವಳು
ಸರಿಯಾದ ಮಾತು. ಗುದದ್ವಾರದ ಸ್ನಾಯುವಿನವರೆಗೆ ಹರಿಯೋದು ಬ್ರಿಟನ್ನಿನ ಲೆಕ್ಕದಲ್ಲಿ ಚೊಚ್ಚಲು ನಾರ್ಮಲ್ ಹೆರಿಗೆಯಲ್ಲಿ 100ಕ್ಕೆ ಸುಮಾರು 6. ಮುಂದೆ ಗರ್ಭಕೋಶ ಜಾರೋದು, ಮೂತ್ರ ಸೋರೋದು ಸಿಸೇರಿಯನ್ ಆದವರಿಗೆ ಕಮ್ಮಿ, ಆದ್ರೆ ಪೂರ್ತಿ ತಪ್ಪಲ್ಲ, ಬಸಿರೇ ಆ ಸ್ನಾಯುಗಳನ್ನ ಸಡಿಲ ಮಾಡಿರುತ್ತೆ. ಕೊನೇ ವಾರಗಳಲ್ಲಿ ಎಣ್ಣೆ ಹಚ್ಚಿ ಆ ಜಾಗ ಮಸಾಜ್ ಮಾಡ್ಕೊಳ್ಳೋದು, ಮಗುವಿನ ತಲೆ ಬರೋ ಹೊತ್ತಿಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿಯೋದು, ಇವೆರಡೂ ಉಪಯೋಗಕ್ಕೆ ಬರುತ್ತೆ ಅಂತ ಸಾಬೀತಾಗಿದೆ.

ಹೊಸಿಲು
ನಾನು ಮನೆಯಲ್ಲೇ ಹೆರಬೇಕು ಅಂತಿದ್ದವಳು, ಯಾರೂ ಇಲ್ಲಿ ಬೈಬೇಡಿ. ಆಸ್ಪತ್ರೆ ವಾಸನೆಗೇ ನನಗೆ ಆಗಲ್ಲ. ಇಂಗ್ಲೆಂಡಿನಲ್ಲಿ 2011ರಲ್ಲಿ ಬಂದ ದೊಡ್ಡ ಅಧ್ಯಯನ ಓದಿದೆ. ಅಪಾಯ ಕಮ್ಮಿ ಇರೋರಲ್ಲಿ, ಎರಡನೇ ಮಗುವಿನಿಂದಾಚೆ ಮನೆಯಲ್ಲಾದ್ರೂ ಮಗುವಿಗೆ ತೊಂದರೆ ಹೆಚ್ಚಾಗಿರಲಿಲ್ಲ, ಚೊಚ್ಚಲಿನಲ್ಲಿ ಹೆಚ್ಚಾಗಿತ್ತು, ಚೊಚ್ಚಲಿನವರಲ್ಲಿ 100ಕ್ಕೆ 45 ಜನ ನಡುವೆ ಆಸ್ಪತ್ರೆಗೆ ಹೋಗಬೇಕಾಯ್ತು. ಅದೂ ತರಬೇತಾದ ಸೂಲಗಿತ್ತಿಯರು, ಕರೆದ ತಕ್ಷಣ ಆಂಬುಲೆನ್ಸ್ ಇರೋ ವ್ಯವಸ್ಥೆಯಲ್ಲಿ. ಅದು ನನಗಿರಲಿಲ್ಲ. ಆಸ್ಪತ್ರೆಗೇ ಹೋದೆ, ಲೈಟು ಕಮ್ಮಿ ಮಾಡಿ ಅಂತ ಕೇಳಿದೆ, ಮಾಡಿದ್ರು.

ಹನ್ನೊಂದರ ಲಿಸ್ಟು
ಚೊಚ್ಚಲು, ನಾನು ಕೇಳಿ ಸಿಸೇರಿಯನ್ ಮಾಡಿಸ್ಕೊಂಡವಳು, ನನಗಿನ್ನೂ ಪಶ್ಚಾತ್ತಾಪ ಇಲ್ಲ. ಆದ್ರೆ "ಸೊಂಟದ ಕೆಳಗೆ ಏನೂ ಗೊತ್ತಾಗಲ್ಲ" ಅಂದ್ರಲ್ಲ, ಅದಷ್ಟು ಸರಿ ಇಲ್ಲ. ನೋವು ಗೊತ್ತಾಗಲ್ಲ. ಎಳೆದಾಡೋದು ಚೆನ್ನಾಗಿ ಗೊತ್ತಾಗುತ್ತೆ. ಮಗು ತೆಗೆಯೋ ಹೊತ್ತಿಗೆ ಪಕ್ಕೆಲುಬಿನ ಕೆಳಗೆ ಯಾರೋ ಪೂರ್ತಿ ಭಾರ ಬಿಟ್ಟು ಒತ್ತಿದ್ರು. ಆಮೇಲೆ ಮೈಯೆಲ್ಲ ನಡುಗೋಕೆ ಶುರುವಾಯ್ತು, ಹಲ್ಲು ಕಟಕಟ. ಅದು ಮಾಮೂಲು ಅಂತ ಮೊದಲೇ ಹೇಳಿದ್ದರಿಂದ ಗಾಬರಿ ಆಗ್ಲಿಲ್ಲ. ಮತ್ತೆ ಅಲ್ಲೂ ಮುಟ್ತಾರೆ. ಶೇವ್ ಮಾಡ್ತಾರೆ, ಮೂತ್ರದ ಟ್ಯೂಬ್ ಹಾಕ್ತಾರೆ, ಮುಗಿದ ಮೇಲೆ ರಕ್ತ ಎಷ್ಟು ಹೋಗ್ತಿದೆ ಅಂತ ಪದೇಪದೇ ನೋಡ್ತಾರೆ. ನಿಮ್ಮ ವಿಷಯ ಓದಿದ್ದರಿಂದ ಇದನ್ನ ಹೇಳಲೇಬೇಕು ಅನ್ನಿಸ್ತು. ಟ್ಯೂಬನ್ನ ಬೆನ್ನಿನ ಇಂಜೆಕ್ಷನ್ ಹಿಡಿದ ಮೇಲೆ ಹಾಕಿ ಅಂತ ಕೇಳ್ಬಹುದು, ನಾನು ಕೇಳಿದ್ದೆ.

ಮೊದಲನೇ ಸಲ ಮಂಚದಿಂದ ಇಳಿಯೋದು ಕಷ್ಟ. ಮಗ್ಗುಲಾಗಿ, ಕೈ ಊರಿ, ಆಮೇಲೆ ಕಾಲು ಕೆಳಗೆ. ಕೆಮ್ಮು ಬಂದ್ರೆ ದಿಂಬು ಹೊಟ್ಟೆಗೆ ಒತ್ತಿ ಹಿಡೀರಿ. 39 ವಾರ ತುಂಬೋ ಮುಂಚೆ, ಕಾರಣ ಇಲ್ಲದೆ ದಿನ ಇಡಿಸ್ಕೋಬೇಡಿ, ಮಗುವಿಗೆ ಉಸಿರಾಟದ ತೊಂದರೆ ಆಗೋದು ಹೆಚ್ಚು.

ನೇರಮಾತು
ಇಷ್ಟೆಲ್ಲ ಓದಿದ ಮೇಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದ್ರೆ ಕೇಳದೆ ಕೊಯ್ಯೋದು ತಪ್ಪು, ಅದು ಒಪ್ತೀನಿ.

ನಿದ್ದೆಗೆಟ್ಟವಳು
ಅಷ್ಟಾದ್ರೂ ಆಯ್ತಲ್ಲ ಸಾರ್.

ನೇರಮಾತು
ಸಾರ್ ಅಲ್ಲ, ಮೇಡಂ. ಮೂರು ಹೆತ್ತಿದ್ದೀನಿ.

ಲೆಕ್ಕದವಳು
ನೇರಮಾತು ಅಮ್ಮನವರು ಒಪ್ಪಿದ ಜಾಗದಲ್ಲೇ ಇರೋದು ವಿಷಯ. ಹಾಡ್‌ನೆಟ್ ಅನ್ನೋ ಸಂಶೋಧಕಿ 2002ರಲ್ಲಿ, ಹೆರಿಗೆಯ ಬಗ್ಗೆ ಹೆಂಗಸರಿಗೆ ತೃಪ್ತಿ ಯಾವುದರಿಂದ ಬರುತ್ತೆ ಅಂತ ನೂರಕ್ಕೂ ಹೆಚ್ಚು ವರದಿಗಳನ್ನ ಜಾಲಾಡಿದ್ರು. ಮೇಲೆ ಬಂದಿದ್ದು ನಾಲ್ಕು: ತಾನು ಏನು ನಿರೀಕ್ಷೆ ಮಾಡಿದ್ದೆ, ನೋಡ್ಕೊಂಡವರು ಎಷ್ಟು ಆಸರೆಯಾದ್ರು, ಅವರ ಜೊತೆ ಸಂಬಂಧ ಹೇಗಿತ್ತು, ತೀರ್ಮಾನದಲ್ಲಿ ತನ್ನನ್ನ ಸೇರಿಸ್ಕೊಂಡ್ರಾ ಇಲ್ವಾ. ನೋವು, ವಯಸ್ಸು, ಹಾಕಿದ ಡ್ರಿಪ್ಪು, ಇವೆಲ್ಲ ಅವುಗಳ ಮುಂದೆ ಹಿಂದೆ ಬಿದ್ದವು. ಗಟ್ಟಿಗಿತ್ತಿ ಅವರಿಗೆ ಬೇಡದ ಸಿಸೇರಿಯನ್ ಆದ್ರೂ ಸಿಟ್ಟಿಲ್ಲ, ಎರಡನೇ ಸುತ್ತು ಅವರಿಗೆ ಬೇಕಾದ ನಾರ್ಮಲ್ ಆದ್ರೂ ಸಿಟ್ಟಿದೆ. ಹೊಂದುತ್ತೆ ನೋಡಿ.

ಚೊಚ್ಚಲು
ಡಾಕ್ಟರನ್ನ ಬದಲಾಯಿಸಿದೆ. ಎರಡನೇ ಸುತ್ತು ಅವರು ಹೇಳಿದ ಹಾಗೆ ಬರೆದುಕೊಂಡು ಹೋಗಿ ಕೊಟ್ಟೆ. ಇವರು ಓದಿ, ಎದ್ದು ಹೋಗಿ ಬಾಗಿಲು ಹಾಕಿ ಬಂದು ಕೂತ್ರು. ಇವತ್ತು ಪರೀಕ್ಷೆ ಏನೂ ಮಾಡಲ್ಲ, ಮಾತಾಡೋಣ ಅಂದ್ರು. ನಾರ್ಮಲ್ ಆದ್ರೆ ನಾಲ್ಕು ಗಂಟೆಗೊಮ್ಮೆ ಮಾತ್ರ ಒಳಗಿನ ಪರೀಕ್ಷೆ ಸಾಕು, ಒಬ್ಬರೇ ಮಾಡ್ತಾರೆ, ಬೇಗನೇ ಎಪಿಡ್ಯೂರಲ್ ಹಾಕಬಹುದು, ನಿಲ್ಲಿಸಿ ಅಂದ್ರೆ ನಿಲ್ಲಿಸ್ತೀವಿ ಅಂದ್ರು. ಸಿಸೇರಿಯನ್ ಆದ್ರೆ ಹನ್ನೊಂದರ ಲಿಸ್ಟು ಅವರು ಬರೆದಿದ್ದನ್ನೇ ಹೆಚ್ಚೂಕಮ್ಮಿ ಹೇಳಿದ್ರು. ಎಷ್ಟು ಮಕ್ಕಳು ಬೇಕು ಅಂತ ಕೇಳಿದ್ರು, ಒಂದೇ ಅಂದೆ. ಒಬ್ಬ ಕೌನ್ಸೆಲರ್ ಹತ್ರ ಕಳಿಸಿದ್ದಾರೆ, ಎರಡು ಸಲ ಹೋಗಿ ಬಂದೆ, ಆಕೆ ಒಳ್ಳೆಯವರು.

ಇಷ್ಟಾದ ಮೇಲೂ ನನಗೆ ಸಿಸೇರಿಯನ್ನೇ ಬೇಕು. ಒಪ್ಪಿದ್ದಾರೆ, 39 ವಾರ ತುಂಬಿದ ಮೇಲೆ ದಿನ. ಈಗ ಒಂದೇ ತಲೆಬಿಸಿ: ಆ ದಿನಕ್ಕೆ ಮುಂಚೇನೇ ನೋವು ಶುರುವಾದ್ರೆ?

ರಾತ್ರಿಪಾಳಿ
ಆಗಬಹುದು. ಹೀಗೆ ದಿನ ಇಟ್ಕೊಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮುಂಚೇನೇ ಶುರುವಾಗುತ್ತೆ. ನೋವು ಬಂದ್ರೆ, ನೀರು ಹೋದ್ರೆ ಕಾಯದೆ ಹೊರಡಿ, ಹೊರಡೋ ಮುಂಚೆ ಫೋನ್ ಮಾಡಿ. ರಾತ್ರಿ ಡ್ಯೂಟಿಲಿ ನಿಮ್ಮ ಡಾಕ್ಟರು ಇರಲ್ಲ, ನನ್ನಂಥವಳೊಬ್ಬಳು ಇರ್ತಾಳೆ, ಅವಳಿಗೆ ನಿಮ್ಮ ಕಥೆ ಗೊತ್ತಿರಲ್ಲ. ಅದಕ್ಕೆ ಈಗಲೇ ಡಾಕ್ಟರ ಹತ್ರ ಫೈಲಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ: ಸಿಸೇರಿಯನ್ ಎಂದು ತೀರ್ಮಾನವಾಗಿದೆ, ಒಳಗಿನ ಪರೀಕ್ಷೆಗೆ ಮುಂಚೆ ಕೇಳಬೇಕು. ಬಾಯಿ ತುಂಬಾ ತೆರೆದುಕೊಂಡು ಮಗು ಇಳಿದುಬಿಟ್ಟಿದ್ರೆ ಏನು ಮಾಡ್ತೀರಿ ಅನ್ನೋದನ್ನೂ ಈಗಲೇ ಕೇಳಿಡಿ, ಆ ಹೊತ್ತಲ್ಲಿ ಆಪರೇಷನ್ನಿಗಿಂತ ನಾರ್ಮಲ್ಲೇ ಬೇಗ ಆಗಬಹುದು.

ಚೊಚ್ಚಲು
ಕೇಳ್ತೀನಿ ಅಕ್ಕ. ಅಮ್ಮ ಜೊತೆಗೆ ಬರ್ತೀನಿ ಅಂತಿದ್ದಾರೆ. ಥಿಯೇಟರ್ ಒಳಗೆ ಅವರನ್ನ ಬಿಡ್ತಾರಾ, ಹೊರಗೇ ನಿಲ್ಲಿಸ್ತಾರಾ?

ಅರಿವಳಿಕೆ
ಬೆನ್ನಿಗೆ ಇಂಜೆಕ್ಷನ್ ಆದ್ರೆ ಎಷ್ಟೋ ಕಡೆ ಒಬ್ಬರನ್ನ ಬಿಡ್ತಾರೆ, ಪೂರ್ತಿ ಮಂಪರು ಕೊಟ್ಟರೆ ಸಾಮಾನ್ಯವಾಗಿ ಬಿಡಲ್ಲ. ಮೊದಲೇ ಕೇಳಿಡಿ. ಬಿಟ್ಟರೆ ತಲೆಯ ಹತ್ರ ಸ್ಟೂಲ್ ಹಾಕಿ ಕೂರಿಸ್ತೀವಿ. ರಕ್ತ ಕಂಡ್ರೆ ಅಮ್ಮನಿಗೆ ತಲೆ ಸುತ್ತುತ್ತಾ ಅನ್ನೋದನ್ನ ಮಾತ್ರ ನೀವು ಮೊದಲೇ ವಿಚಾರಿಸ್ಕೊಳ್ಳಿ.